ಅಪ್ಪ ಬೀಗರನ್ನು ಕರೆಯಲಿಲ್ಲ

ನಮ್ಮಪ್ಪ ಚಿತ್ರದುರ್ಗದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ನಾನೂ ಅದೇ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಅದು ನನ್ನ ಗ್ರಹಚಾರ. ವಿಭಾಗದ ಮುಖ್ಯಸ್ಥರಾಗಿದ್ದ ಅಪ್ಪ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಪಾಠಕ್ಕೆ ಹೋಗದ ಮೇಷ್ಟ್ರುಗಳನ್ನೂ ಕೇಳರು, ಕ್ಲಾಸಿಗೆ ಬಾರದ ಹುಡುಗರನ್ನೂ ಕೇಳರು. ಪ್ರಿನ್ಸಿಪಾಲರು ದೂರಿದರೆ, "ಹೋಗ್ಲಿ ಬಿಡಿ, ಅವರವರ ಜವಾಬ್ದಾರಿ ಅವರವರಿಗೆ ಗೊತ್ತಿರುತ್ತೆ" ಎನ್ನುವರು. ಹುಡುಗರು ಅವರಿಗೆ 'ಹೋಗ್ಲಿಬಿಡಿ ಮೇಷ್ಟ್ರು' ಎಂದೇ ಹೆಸರಿಟ್ಟಿದ್ದರು. ಕಾರಿಡಾರಿನಲ್ಲಿ ಆ ಹೆಸರು ಕಿವಿಗೆ ಬಿದ್ದಾಗ ನಾನು ಚಪ್ಪಲಿಯ ಉಂಗುಷ್ಠ ಸರಿ ಮಾಡಿಕೊಳ್ಳುವವಳಂತೆ ಬಗ್ಗಿಬಿಡುತ್ತಿದ್ದೆ.

ಅವು ತೊಂಬತ್ತರ ದಶಕದ ಮೊದಲ ವರ್ಷಗಳು. ಲೈಸೆನ್ಸು, ಪರ್ಮಿಟ್ಟು ಎಲ್ಲ ಕಿತ್ತುಹಾಕಿ ಮಾರುಕಟ್ಟೆ ತೆರೆಯುತ್ತಾರೆ ಎಂಬ ಸುದ್ದಿ ಪೇಪರಿನಲ್ಲಿ ದಿನಾ ಬರುತ್ತಿತ್ತು. ಅಪ್ಪನಿಗೆ ಹಬ್ಬವೋ ಹಬ್ಬ. ಸರ್ಕಾರ ಕೈಕಟ್ಟಿ ಕೂತಷ್ಟೂ ಜನ ಕೈಬಿಚ್ಚಿ ದುಡಿಯುತ್ತಾರೆ ಎಂದು ಬೋರ್ಡಿಗೆ ಬೆನ್ನುಹಾಕಿ ಹೇಳುತ್ತಿದ್ದರು. ಕೇಳಲು ನಾವು ನಾಲ್ಕೈದು ಹುಡುಗಿಯರು ಇರುತ್ತಿದ್ದೆವು. ಉಳಿದವರು ಕ್ಯಾಂಟೀನಿನಲ್ಲಿ ತಮ್ಮ ಸ್ವಾತಂತ್ರ್ಯ ಅನುಭವಿಸುತ್ತಿದ್ದರು.

ಆ ಕಾಲದಲ್ಲೇ ಅಕ್ಕನ ಮದುವೆ ಗೊತ್ತಾಯಿತು. ವರ ಹಿರಿಯೂರಿನ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರು. ಅವನ ಮನೆಯವರು ಐಮಂಗಲದ ಆಚೆಯ ಹಳ್ಳಿಯಲ್ಲಿ ಕುರಿ ಸಾಕಿಕೊಂಡು, ಹೊಲ ಮಾಡಿಕೊಂಡು ಇದ್ದವರು. ಹೊಸದುರ್ಗದ ಕಡೆಯ ಅಪ್ಪನ ಮನೆಯೂ ಕುರಿ ಹಟ್ಟಿಯದ್ದೇ. ಹಾಗಾಗಿ ಪದ್ಧತಿ ತಿಳಿಯದೆ ತಪ್ಪಾಯಿತು ಎಂದು ಹೇಳುವಂತಿಲ್ಲ.

ಮದುವೆಯೂಟಕ್ಕೆ ಬಫೆ ಮಾಡಿಸೋಣ ಎಂದರು ಅಪ್ಪ. ಬೆಂಗಳೂರಿನಲ್ಲಿ ಯಾವುದೋ ಮದುವೆಗೆ ಹೋಗಿ ನೋಡಿ ಬಂದಿದ್ದರು. ಅವ್ವ ಹೌಹಾರಿದಳು.

"ಬೀಗರು ತಟ್ಟೆ ಹಿಡ್ಕಂಡು ಸಾಲಲ್ಲಿ ನಿಲ್ತಾರೇನ್ರಿ? ಕರೀದೆ ಏಳೋ ಜನ ಅಲ್ಲ ಅವ್ರು."

ನಮ್ಮಲ್ಲಿ ಬೀಗರು ಹಸಿದು ಕಣ್ಣು ಕತ್ತಲೆ ಬಂದರೂ ತಾವಾಗಿ ಊಟಕ್ಕೆ ಹೋಗುವುದಿಲ್ಲ. ಹೆಣ್ಣಿನ ತಂದೆ ಎದುರಿಗೆ ಬಂದು ನಿಂತು "ಏಳ್ರಿ, ಊಟಕ್ಕೆ ಬರ್ರಿ" ಅನ್ನಬೇಕು. ಅವರು "ಆಗ್ಲಿ ಬಿಡ್ರಿ, ಏನವಸರ" ಅನ್ನಬೇಕು. ಇವನು ಇನ್ನೊಮ್ಮೆ ಅನ್ನಬೇಕು. ಆಗ ಏಳುತ್ತಾರೆ.

ಅಪ್ಪ ಅವತ್ತು ಅವ್ವನಿಗೆ ಕೊಟ್ಟ ಉತ್ತರ ಇವತ್ತಿಗೂ ನನ್ನನ್ನು ಕಾಡುತ್ತದೆ. ಚಿಕ್ಕಂದಿನಲ್ಲಿ ಮದುವೆಗಳಿಗೆ ಹೋದಾಗ ತಮ್ಮಂಥ ಬಡವರ ಮಕ್ಕಳನ್ನು ಕೊನೆಯ ಪಂಕ್ತಿಗೆ ಕರೆಯುತ್ತಿದ್ದರಂತೆ. ಒಮ್ಮೊಮ್ಮೆ ಅದಕ್ಕೂ ಕರೆಯುತ್ತಿರಲಿಲ್ಲವಂತೆ. "ಕರೆಯೋರು ಇರೋದ್ರಿಂದ್ಲೇ ಕರೆಸಿಕೊಳ್ಳದೆ ಉಳಿಯೋರು ಇರ್ತಾರೆ. ನಮ್ಮನೆ ಮದುವೇಲಿ ಯಾರೂ ಯಾರಿಗೂ ಕಾಯೋದು ಬೇಡ" ಎಂದರು. ಅವ್ವ ಎದ್ದು ಅಡುಗೆಮನೆಗೆ ಹೋದಳು. ನನಗೂ ಅಂದು ಅದು ನ್ಯಾಯವಾಗಿಯೇ ಕಂಡಿತ್ತು.

ಮದುವೆ ದಿನ ಧಾರೆ ಮುಗಿಯುತ್ತಲೇ ಊಟದ ಹಾಲಿನ ಬಾಗಿಲು ತೆರೆಯಿತು. ಅಪ್ಪನ ಕಾಲೇಜಿನವರು, ನಮ್ಮ ಬೀದಿಯವರು, ಯಾರ ಕಡೆಯವರೆಂದು ಯಾರಿಗೂ ಗೊತ್ತಿಲ್ಲದವರು, ಎಲ್ಲರೂ ನುಗ್ಗಿದರು. ಕ್ಲಾಸಿಗೆ ಎಂದೂ ಬಾರದ ನನ್ನ ಸಹಪಾಠಿಗಳು ತಟ್ಟೆಯ ಮೇಲೆ ಹೋಳಿಗೆಯನ್ನು ಪೇರಿಸಿಕೊಂಡು ಬಂದರು. ಬಫೆಯಲ್ಲಿ ಮೊದಲು ಉಣ್ಣುವವನು ಹಸಿದವನಲ್ಲ, ನುಗ್ಗುವುದು ಗೊತ್ತಿರುವವನು. ಅರ್ಥಶಾಸ್ತ್ರದಲ್ಲಿ ನಾನು ಸರಿಯಾಗಿ ಕಲಿತ ಪಾಠ ಇದೊಂದೇ.

ಬೀಗರ ಕಡೆಯವರು ಮಹಡಿಯಲ್ಲಿ ಜಮಖಾನದ ಮೇಲೆ ಕೂತೇ ಇದ್ದರು. ನಸುಕಿನಲ್ಲಿ ಊರು ಬಿಟ್ಟು ಬಂದವರು. ಗಂಡಸರು ಟವೆಲಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಕೂಸುಗಳು ಅತ್ತರೆ ತಾಯಂದಿರು ಗದರುತ್ತಿದ್ದರು. ಅಕ್ಕನಿಗೆ ಶಾಸ್ತ್ರ ಮಾಡಿಸುತ್ತಿದ್ದ ಅವ್ವನಿಗೆ ಬಿಟ್ಟು ಏಳುವಂತಿರಲಿಲ್ಲ. "ನೀನಾದ್ರೂ ಹೋಗಿ ಕರಿ" ಎಂದು ಕಣ್ಣಲ್ಲೇ ನನ್ನನ್ನು ಅಟ್ಟಿದಳು.

ಹೋಗಿ ಕರೆದೆ. ಕಂಬಕ್ಕೆ ಒರಗಿ ಕೂತಿದ್ದ ವರನ ಅಜ್ಜಿ ನನ್ನ ಕೈ ಹಿಡಿದು ಕೇಳಿದಳು: "ನಿಮ್ಮಪ್ಪಗೆ ಪುರುಸೊತ್ತಿಲ್ಲೇನವ್ವ?"

ಅದರಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಕೇಳಿದಳು. ನಮ್ಮಪ್ಪ ಯಾರನ್ನೂ ಕರೆಯುವುದಿಲ್ಲ, ಅದು ಅವರ ಸಿದ್ಧಾಂತ ಎಂದು ಆ ಮುಖಕ್ಕೆ ಹೇಗೆ ಹೇಳಲಿ? "ಬರ್ತಾರಜ್ಜಿ" ಎಂದು ಕೆಳಗೆ ಓಡಿದೆ.

ಅಪ್ಪ ಗೆಳೆಯರ ನಡುವೆ ನಿಂತು ಮಾತಾಡುತ್ತಿದ್ದರು. ವಿಷಯ ಹೇಳಿದೆ. "ಬಲವಂತ ಮಾಡಿದ್ರೆ ಅವರಿಗೇ ಅವಮಾನ ಕಣಮ್ಮ. ಹಸಿವಾದ್ರೆ ಬರ್ತಾರೆ" ಎಂದರು. ನಾನು ತೋಳು ಹಿಡಿದು ಜಗ್ಗಿದೆ. ಗೆಳೆಯರು ನಕ್ಕರು. ನನ್ನ ಮುಖ ಕೆಂಡವಾಯಿತು. ಕೊನೆಗೆ ಅಡುಗೆಯವನೇ ಬಂದು "ಸಾರ್, ಹೋಳಿಗೆ, ಪಲ್ಯ ಎಲ್ಲ ಮುಗೀತು. ಅನ್ನ ಸಾರು ಒಂದೀಟೈತೆ, ಬೀಗರದ್ದು ಹೆಂಗೆ?" ಎಂದು ಕೇಳಿದಾಗ ಅಪ್ಪ ಮೆಟ್ಟಿಲು ಹತ್ತಿದರು. ನಾನು ಹಿಂದೆಯೇ ಹೋದೆ.

ಅವರು ಆಗಲೇ ಗಂಟು ಕಟ್ಟಿ, ಜಮಖಾನ ಮಡಚಿ ಮೂಲೆಗಿಟ್ಟಿದ್ದರು. ಅಪ್ಪ ಕೈ ಮುಗಿದು, "ಊಟಕ್ಕೆ..." ಎಂದರು. ವರನ ತಂದೆ ಜಗಳ ತೆಗೆಯಲಿಲ್ಲ. "ಹಸಿವಿಲ್ಲ ಬಿಡ್ರಿ ಮೇಷ್ಟ್ರೇ. ಹೊತ್ತಾತು, ಹೆಣ್ಣು ಒಪ್ಪಿಸಿಕೊಡ್ರಿ" ಎಂದವರು, ಮೆಟ್ಟಿಲ ಹತ್ತಿರ ಹೋಗಿ ತಿರುಗಿ ಅಂದರು: "ನಮ್ಮ ಹಟ್ಟೀಲಿ ಕುರೀನೂ ಕರೆದೇ ನೀರಿಗೆ ಬಿಡ್ತೀವಿ."

ಉಣ್ಣದ ಆ ಜನ ತುಂಬಿದ ಬಸ್ಸಿಗೆ ಅಕ್ಕನನ್ನು ಹತ್ತಿಸಿದೆವು. ಅವಳ ಬಾಳು ಇನ್ನು ಅವರ ಕೈಯಲ್ಲಿ. ನನಗೆ ಬಸ್ಸಿನ ಕಿಟಕಿಯ ಕಡೆ ತಲೆ ಎತ್ತಿ ನೋಡಲಾಗಲಿಲ್ಲ. ಆ ಮನೆಯಲ್ಲಿ ಇವಳಿಗೆ ಏನೇನು ಕಾದಿದೆಯೋ ಎಂದು ಅವ್ವ ರಾತ್ರಿಯಿಡೀ ಅತ್ತಳು.

ಅಕ್ಕ ಮೊದಲ ಸಲ ತವರಿಗೆ ಬಂದಾಗ ಎಲ್ಲ ಹೇಳಿದಳು. ಹೈವೇ ಬದಿಯ ಹೋಟೆಲೊಂದರ ಹತ್ತಿರ ಬಸ್ಸು ನಿಲ್ಲಿಸಿದರಂತೆ. ಅಲ್ಲಿ ಇದ್ದದ್ದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮದುವೆಯ ದಿಬ್ಬಣ ಅದನ್ನೇ ಪೇಪರಿನ ತುಂಡಿನಲ್ಲಿ ಹಾಕಿಸಿಕೊಂಡು ತಿಂದಿತಂತೆ. ಅಕ್ಕ ನಾಚಿಕೆಯಿಂದ ಸೀಟು ಬಿಟ್ಟು ಏಳಲೇ ಇಲ್ಲ. ಆಗ ಮಾವ ಬಸ್ಸು ಹತ್ತಿ ಬಂದು, ಅವಳ ಎದುರು ನಿಂತು, "ಏಳವ್ವ, ನೀನೂ ಉಂಡಿಲ್ಲ, ಬಾ" ಎಂದರಂತೆ. ಅವಳು ಬೇಡವೆಂದಳು. ಅವರು ಇನ್ನೊಮ್ಮೆ ಕರೆದರು.

"ಬೈದಿದ್ರೆ ತಡ್ಕೊಂತಿದ್ದೆ ಕಣೇ" ಎಂದಳು ಅಕ್ಕ. ಬಾಗಿಲ ಬಳಿ ಕೂತಿದ್ದ ಅಪ್ಪ ಪೇಪರು ಮಡಚಿ ಎದ್ದು ಒಳಗೆ ಹೋದರು.

ಮಾರನೆಯ ದಿನ ಅಪ್ಪ ಒಬ್ಬರೇ ಬಸ್ಸು ಹತ್ತಿ ಬೀಗರ ಮನೆಗೆ ಹೋಗಿ, ಒಬ್ಬೊಬ್ಬರನ್ನೂ ಎದುರು ನಿಂತು ಊಟಕ್ಕೆ ಕರೆದು ಬಂದರು. ಹೇಳಿದ ದಿನ ಅವರೆಲ್ಲ ಬಂದರು, ಮನಸ್ಸಿಟ್ಟು ಉಂಡರು, ನಕ್ಕು ಮಾತಾಡಿದರು. ವರನ ಅಜ್ಜಿ ಮಾತ್ರ ಬರಲಿಲ್ಲ. ಮಂಡಿ ನೋವು ಎಂದರು. ಆಕೆ ದಿನಾ ಕುರಿಗಳ ಹಿಂದೆ ಗುಡ್ಡ ಹತ್ತುತ್ತಾಳೆಂದು ಅಕ್ಕನಿಗೆ ಗೊತ್ತಿತ್ತು.

ಆ ಅಜ್ಜಿಗೆ ಅಕ್ಕನೆಂದರೆ ಜೀವ. ಅಕ್ಕ ಬಸುರಿಯಾಗಿ ಊಟ ಸೇರದೆ ಸೊರಗಿದಾಗ ತಟ್ಟೆ ಹಿಡಿದು ಪಕ್ಕದಲ್ಲಿ ಕೂತು, ಗದರಿ, ಮುದ್ದು ಮಾಡಿ ತುತ್ತು ಇಟ್ಟವಳು ಆಕೆಯೇ. ಅದಾಗಿ ಎಷ್ಟೋ ವರ್ಷ ಬದುಕಿದ್ದಳು. ಹಬ್ಬಕ್ಕೆ, ನಾಮಕರಣಕ್ಕೆ ಪ್ರತಿ ಸಲವೂ ಅಪ್ಪ ತಾವೇ ಹೋಗಿ ಕರೆಯುತ್ತಿದ್ದರು. "ಬರ್ತೀನಿ ಹೋಗಪ್ಪ" ಎಂದು ಪ್ರತಿ ಸಲವೂ ಅನ್ನುತ್ತಿದ್ದಳು. ಸಾಯುವವರೆಗೂ ನಮ್ಮ ಮನೆಯ ಒಂದು ತುತ್ತೂ ಆಕೆಯ ಬಾಯಿಗೆ ಹೋಗಲಿಲ್ಲ.