ತಡವಾಗಿ ಬಂದ ಹಸು

ನಮ್ಮ ಹೈಸ್ಕೂಲು ಹೊಸ ಕಟ್ಟಡಕ್ಕೆ ಹೋದ ಮೇಲೆ ಹಳೆಯದು ದನದ ಆಸ್ಪತ್ರೆಯಾಯಿತು. ನಮ್ಮ ಕಾಲದ ಜವಾನರೊಬ್ಬರು ಮಾತ್ರ ಅಲ್ಲೇ ಉಳಿದರು. ಹತ್ತಕ್ಕೆ ಸರಿಯಾಗಿ ಗಂಟೆ ಹೊಡೆದು ಗೇಟು ಹಾಕುತ್ತಿದ್ದರು. ಎಮ್ಮೆಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸುತ್ತಿದ್ದರು. ಯಾರಾದರೂ ಗೊಣಗಿದರೆ ಖಾಕಿ ಅಂಗಿಯ ಕಾಲರ್ ಸರಿಮಾಡಿಕೊಂಡು, “ಕಟ್ಟಡ ಅದೇ ಅಲ್ವಾ ಮಾರಾಯ,” ಎನ್ನುತ್ತಿದ್ದರು.

ಒಮ್ಮೆ, ಎರಡು ದಿನದಿಂದ ಮೇವು ಮುಟ್ಟದ ನಮ್ಮ ಹಸುವನ್ನು ಪಿಕಪ್‌ನಲ್ಲಿ ತಂದೆ. ಬಸರೀಕಟ್ಟೆಯ ಹತ್ತಿರ ಗಾಡಿ ಕೆಟ್ಟು ಅರ್ಧ ಗಂಟೆ ತಡವಾಗಿತ್ತು.

“ತಡವಾಗಿದ್ದಕ್ಕೆ ಚೀಟಿ ಎಲ್ಲಿ?” ಎಂದರು ಜವಾನರು, ಗೇಟಿನ ಒಳಗಿಂದ.

“ಎಂತ ಚೀಟಿ ಮಾರಾಯ್ರೆ! ದನ ಸಾಯ್ತದೆ!”

“ಕಟ್ಟಡ ಅದೇ ಅಲ್ವಾ?”

ಬೇರೆ ದಾರಿ ಕಾಣದೆ, ನಡುಗುವ ಹಸುವಿನ ಬೆನ್ನ ಮೇಲೆ ಹಾಳೆಯಿಟ್ಟು ಬರೆದುಕೊಟ್ಟೆ. ಪೂರ್ತಿ ಓದಿ ವಾಪಸ್ ಕೊಟ್ಟರು.

“ಅಪ್ಪಯ್ಯನ ಸಹಿ?”

ಅಪ್ಪಯ್ಯ ತೀರಿಕೊಂಡು ಹತ್ತು ವರ್ಷವಾಗಿತ್ತು. ನಲವತ್ತೈದು ದಾಟಿದ ನಾನು, ಹೈಸ್ಕೂಲಿನಲ್ಲಿ ಕದ್ದು ಹಾಕುತ್ತಿದ್ದಂತೆಯೇ, ಅವರ ಸಹಿಯನ್ನು ನಾನೇ ಗೀಚಿದೆ.

ಜವಾನರು ಹಾಳೆಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಆವಾಗ್ಲೂ ಇದೇ ಸಹಿ,” ಎನ್ನುತ್ತ ಗೇಟು ತೆಗೆದರು. “ನಿನ್ನಪ್ಪಯ್ಯಂದು ಬೇರೆ ಇತ್ತು ಮಾರಾಯ.”