ಹದಿನೇಳು ಸಲ ಸತ್ತ ಮಾವ

ನನ್ನ ಡೈರಿಯಲ್ಲಿ ಮಗುವಿಗೆ ಹಲ್ಲು ಬಂದ ದಿನಗಳ ಎದುರು ಪುಟದಲ್ಲೇ ಮಾವ ಸತ್ತ ದಿನಗಳ ಪಟ್ಟಿಯಿದೆ. ಮಗುವಿಗೆ ನಾಲ್ಕು ಹಲ್ಲು, ಮಾವನಿಗೆ ಹದಿನೇಳು ಸಾವು. ಗುಂಡೇಟಿಗೆ ಹನ್ನೊಂದು, ಚೂರಿಗೆ ಮೂರು, ವಿಷಕ್ಕೆ ಎರಡು, ಲಿಫ್ಟು ಕಳಚಿ ಬಿದ್ದು ಒಂದು.

ನನ್ನ ಗಂಡನ ಅಪ್ಪ ಎವರಿಸ್ತೊ ಲುಸೆರೊ ಮೂವತ್ತನಾಲ್ಕು ವರ್ಷಗಳಿಂದ ಸಿನಿಮಾ, ಟೀವಿ ನಟ. ಲಾಸ್ ಏಂಜಲೀಸಿನ ಈ ನಮ್ಮ ಬೀದಿಯಿಂದ ಬಸ್ಸು ಹತ್ತಿ ಹೋಗಿ ಪಾದ್ರಿ, ಕಳ್ಳ, ಸರ್ಜನ್, ತೋಟಗಾರ ಎಲ್ಲವೂ ಆಗಿ ಬಂದಿದ್ದಾರೆ. ಕ್ಯೂಬಾದವರಂತೆ ಮಾತಾಡಿದರೆ ಕ್ಯೂಬಾದವರೇ ಬಂದು ಯಾವ ಬೀದಿ ಎಂದು ಕೇಳುತ್ತಾರೆ. ಪಾತ್ರ ಮುಗಿಯುವವರೆಗೆ ಮನೆಯಲ್ಲೂ ಅದೇ ಧಾಟಿ. ಸಂಜೆ ಬಾಗಿಲು ತಟ್ಟಿದರೆ ಅತ್ತೆ ಒತಿಲಿಯಾ ಅಡುಗೆಮನೆಯಿಂದಲೇ, "ಇವತ್ತು ಯಾರು ಬಂದಿರೋದು? ಖಾರ ಎಷ್ಟು ಹಾಕ್ಲಿ?" ಎನ್ನುತ್ತಾರೆ.

ಹೋದ ವಾರ ಒಂದು ಧಾರಾವಾಹಿಯವರು ಕೇಳಿದರು. ಹತ್ತು ಕಂತಿನ ಕಥೆ, ನ್ಯಾಯಾಧೀಶನ ಪಾತ್ರ. ಆ ಪಾತ್ರಕ್ಕೆ ಸ್ವಂತ ಹೆಸರೂ ಉಂಟು. ಮಾವನ ಪಾತ್ರಗಳೆಲ್ಲ ಈವರೆಗೆ 'ಎರಡನೇ ತೋಟಗಾರ', 'ಮೂರನೇ ಖೈದಿ'ಯೇ. ಅರವತ್ತೊಂದರಲ್ಲಿ ಇಂಥದ್ದು ಇನ್ನೊಮ್ಮೆ ಬರುವುದಿಲ್ಲವೆಂದು ಅವರಿಗೆ ಗೊತ್ತು. ಮನೆಯಲ್ಲೇ ವಿಡಿಯೋ ಮಾಡಿ ಗುರುವಾರ ಐದರೊಳಗೆ ಕಳಿಸಬೇಕಿತ್ತು.

ನ್ಯಾಯಾಧೀಶ ಗಡಿಯಾಚೆಯ ಸೊನೋರಾ ಸೀಮೆಯವನು. ಮಾವ ಹುಟ್ಟಿದ್ದೂ ಅಲ್ಲೇ. ಹಾಗಾಗಿ ಸುಲಭವೆಂದುಕೊಂಡಿದ್ದೆವು.

ಮಾವ ಹಿಂದಿನ ಗೋಡೆಗೆ ನೀಲಿ ಬೆಡ್‌ಶೀಟು ಕಟ್ಟಿದರು. ನಾನು ಮಗುವಿಗೆ ಹಾಲು ಕುಡಿಸುತ್ತಾ, ಫೋನು ಸ್ಟ್ಯಾಂಡಿಗೆ ಸಿಕ್ಕಿಸಿ, ನ್ಯಾಯಾಧೀಶನ ಅಪರಾಧಿ ತಮ್ಮನ ಮಾತುಗಳನ್ನು ಓದಬೇಕು. ಮಾವ ಉತ್ತರ ಕೊಡಬೇಕು. ಒಂಬತ್ತು ಸಲ ಮಾಡಿದೆವು.

"ಮಾವ, ಸೊನೋರಾದವರನ್ನ ಆಡ್ಕೊಳ್ತಿರೋ ಹಾಗಿದೆ."

"ನಾನೇ ಸೊನೋರಾದವನಲ್ವೇನೇ ಮಗಳೇ?"

"ಕೇಳಿದ್ರೆ ಗೊತ್ತಾಗ್ತಿಲ್ಲ."

ಮಾವ ಕುರ್ಚಿಯಲ್ಲಿ ಕುಸಿದರು. ಗುರುವಾರ, ಗಂಟೆ ನಾಲ್ಕೂವರೆ. ಆಗ ಅತ್ತೆ ಲಟ್ಟಣಿಗೆ ಹಿಡಿದೇ ಬಂದರು.

"ನನ್ನ ಬೆಡ್‌ಶೀಟಿಗೆ ಮೊಳೆ ಹೊಡೆದಿದ್ಯಾರು? ನಿನ್ನೆ ಒಗೆದದ್ದು ಮಾರಾಯ."

"ಬೀರುವಲ್ಲಿ ಇನ್ನೂ ಎಂಟಿವೆ. ಹೋಗು, ರೊಟ್ಟಿ ಸೀಯ್ತಿದೆ."

ಮಾತು ನಿಧಾನ, ಮೊಂಡು, ಕೊನೆಯಲ್ಲಿ ತುಸು ಎಳೆತ. ಮಾವನ ಸ್ವಂತ ಮಾತು. ಬಿಟ್ಟರೆ ಹೋಯಿತೆಂದು ನಾನು ಫೋನಿನ ರೆಕಾರ್ಡ್ ಒತ್ತಿ ತಕ್ಷಣ ಓದಿದೆ: "ಅಣ್ಣಾ, ನನ್ನ ಜೈಲಿಗೆ ಕಳಿಸ್ತೀಯಾ?"

ಮಾವ ಅದೇ ಸಿಡುಕಿನಲ್ಲಿ ತಿರುಗಿದರು. "ಕಳಿಸ್ತೀನಿ. ಅಮ್ಮ ಬದುಕಿದ್ದಿದ್ರೂ ಕಳಿಸ್ತಿದ್ದೆ. ಕೂತ್ಕೊ."

ಕೂತುಕೊ ಎನ್ನುವಾಗ ದನಿ ಒಡೆಯಿತು. ಅತ್ತೆ ಬಾಯಿ ಮುಚ್ಚಿ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅಳಿಸು ಅದನ್ನ," ಎಂದರು ಮಾವ. "ಅದು ಅಭಿನಯವೇ ಅಲ್ಲ. ಮನೇಲಿ ಜಗಳಾಡಿದ ಹಾಗಿದೆ."

"ಕಳಿಸಿಬಿಟ್ಟೆ ಮಾವ."

ನಾಲ್ಕು ದಿನ ನನ್ನೊಂದಿಗೆ ಮಾತಿಲ್ಲ. ಮೊಮ್ಮಗುವಿನ ಜೊತೆ ಮಾತ್ರ, ಅದೂ ಹಳೆಯ ಕರ್ನಲ್ ಪಾತ್ರದ ದನಿಯಲ್ಲಿ. ಮಂಗಳವಾರ ಫೋನು ಬಂತು. ಮಾವ ಎದ್ದುನಿಂತು ಕೇಳಿಸಿಕೊಂಡರು, ಹೂಂ ಹೂಂ ಎಂದರು, ಬಂದು ನನ್ನ ತಟ್ಟೆಗೆ ತಮ್ಮ ರೊಟ್ಟಿ ಹಾಕಿದರು.

"ಸಿಕ್ತಾ?" ಎಂದರು ಅತ್ತೆ.

"ಸಿಕ್ತು. ಎಂಟನೇ ಕಂತಲ್ಲಿ ಸಾಯ್ತೀನಂತೆ."

"ಗುಂಡೇಟಾ?"

"ಇಲ್ಲ. ಹೃದಯ. ಮನೇಲಿ, ಹಾಸಿಗೆ ಮೇಲೆ."

ಅತ್ತೆ ಹೆಂಚಿನ ಮೇಲಿನ ರೊಟ್ಟಿ ಮಗುಚಿದರು.

"ಹಾಗಾದ್ರೆ ಹೊಸ ಬೆಡ್‌ಶೀಟು ಹಾಸೋಕೆ ಹೇಳು. ನಮ್ಮನೇದು ತೂತು ಬಿದ್ದಿದೆ."