ನೋರಾ ಐವ್‌ಸನ್ ಮತ್ತು ಭಾನುವಾರದ ಬಸ್ಸು

ನೋರಾ ಐವ್‌ಸನ್ ಎಂಬ ಹೆಂಗಸನ್ನು ನಾನು ಹದಿನಾಲ್ಕು ವರ್ಷ ಬಸ್ಸಿನಲ್ಲಿ ಹೊತ್ತೆ. ಹದಿನಾಲ್ಕು ವರ್ಷವೂ ಅವಳನ್ನು ಕಂಡರೆ ನನಗಾಗುತ್ತಿರಲಿಲ್ಲ. ಅವಳೂ ಅಷ್ಟೇ, ನನ್ನ ಮುಖ ನೋಡಿದರೆ ಉರಿದು ಬೀಳುತ್ತಿದ್ದಳು. ಇದರಲ್ಲಿ ಗುಟ್ಟೇನಿಲ್ಲ, ಗಾರ್ಸ್‌ಬೆಕ್ ಕಣಿವೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ನಾನು ಅಲ್ವಿನ್ ಡಿನ್ಸ್‌ಡೇಲ್, ಪೇಟೆಯಿಂದ ಕಣಿವೆಗೆ ಹೋಗುವ ಬಸ್ಸಿನ ಡ್ರೈವರ್ ಆಗಿದ್ದವನು. ಅವಳು ಪೇಟೆಯ ಚೀಸ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ಕಡ್ಡಿಯಂಥ ಮೈ, ಗರಗಸದಂಥ ಬಾಯಿ. ಕಾರು ಓಡಿಸಲು ಕಲಿಯಲಿಲ್ಲ, ಇನ್ನೊಬ್ಬರ ಕಾರನ್ನು ಹತ್ತುವುದೂ ಇಲ್ಲ. ಗಂಡನಿಗೆ ಒಂದು ಕಾರಿತ್ತಂತೆ. ಒಂದು ಸಲ ಅವನು ಇವಳನ್ನು ಸ್ಟೋನ್‌ರಿಗ್ ಬೆಟ್ಟದ ಬುಡದಲ್ಲಿ ಇಳಿಸಿ, ಕಾರಿನಲ್ಲೇ ಪೇಪರ್ ಓದುತ್ತ ಕುಳಿತ. ಇವಳು ಬೆಟ್ಟ ಹತ್ತಿ, ಆಚೆ ಕಡೆ ಇಳಿದು, ಅಲ್ಲಿಂದ ಬಸ್ಸು ಹಿಡಿದು ಮನೆ ಸೇರಿದಳು. ಗಂಡ ಸಂಜೆಯವರೆಗೂ ಕಾದ. ಆ ಮದುವೆ ಆಮೇಲೆ ಬಹಳ ದಿನ ಬಾಳಲಿಲ್ಲ.

ಬೆಟ್ಟ ದಾಟಿ ಆಚೆ ಬಸ್ಸು ಹಿಡಿಯುವುದನ್ನೇ ಅವಳು ಶಾಸ್ತ್ರ ಮಾಡಿಕೊಂಡಳು. ನನ್ನ ಭಾನುವಾರದ ಬಸ್ಸು ಬೆಟ್ಟದ ಈಚೆ ಆಚೆಯ ಎರಡೂ ಕಣಿವೆಗಳಿಗೆ ಹೋಗುತ್ತಿತ್ತು. ಅವಳು ತನ್ನಂಥವೇ ಹತ್ತು ಮುದಿ ಜೀವಗಳನ್ನು ಕಟ್ಟಿಕೊಂಡು ಬೆಳಿಗ್ಗೆ ಒಂದು ಕಣಿವೆಯಲ್ಲಿ ಇಳಿದು, ಬೆಟ್ಟ ದಾಟಿ, ಸಂಜೆ ಇನ್ನೊಂದು ಕಣಿವೆಯಲ್ಲಿ ಹತ್ತುತ್ತಿದ್ದಳು. "ಕಾರಿನವರು ಗಾಣದೆತ್ತು ಕಣ್ರೀ," ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. "ಎಷ್ಟು ಸುತ್ತಿದ್ರೂ ಕೊನೆಗೆ ಆ ಡಬ್ಬ ನಿಲ್ಲಿಸಿದ ಜಾಗಕ್ಕೇ ಬರ್ಬೇಕು. ನಾವು ಹಾಗಲ್ಲ, ಆಚೆಗೆ ಹೋಗೋರು."

ನಮ್ಮ ಜಗಳ ಕೆಸರಿನಿಂದ ಶುರುವಾಯಿತು. ಒಂದು ಸಂಜೆ ಹನ್ನೊಂದು ಜನರೂ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದು ಬಾಗಿಲಲ್ಲಿ ನಿಂತರು.

"ಈ ಬೂಟಲ್ಲಿ ಹತ್ತೋ ಹಾಗಿಲ್ಲ ಅಮ್ಮಾವ್ರೆ. ಬಸ್ಸು ತೊಳೆಯೋನು ನಾನು," ಎಂದೆ.

"ಬೂಟು ಬಿಚ್ಚಿ ನಿನ್ನ ತಲೆ ಮೇಲೆ ಇಡ್ಲಾ, ಡ್ರೈವರ್ ಸಾಹೇಬ್ರೆ?" ಎಂದಳು.

ಬಾಗಿಲು ಹಾಕಿ ಹೊರಟುಬಿಟ್ಟೆ. ಕೊನೆಯ ಬಸ್ಸು ಅದು. ಅವರು ಮಳೆಯಲ್ಲಿ ಆರು ಮೈಲಿ ನಡೆದು ರೈಲು ಹಿಡಿದರು. ಅವಳು ಡಿಪೋಗೆ ದೂರು ಬರೆದಳು, ನನಗೆ ಛೀಮಾರಿ ಬಂತು. ಮುಂದಿನ ವಾರದಿಂದ ಹನ್ನೊಂದು ಜನರೂ ಬೂಟಿನ ಮೇಲೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹತ್ತತೊಡಗಿದರು. ಬೇಕೆಂದೇ ಕಾಲು ಎಳೆಯುತ್ತ, ಚರಪರ ಸದ್ದು ಮಾಡುತ್ತ ಹಿಂದಿನ ಸೀಟಿಗೆ ಹೋಗುತ್ತಿದ್ದರು. ಅಲ್ಲಿ ಕುಳಿತು ಹಣ್ಣಿನ ಕೇಕಿನ ಮೇಲೆ ಚೀಸ್ ಇಟ್ಟು ತಿನ್ನುವುದು, ತುಣುಕು ಉದುರಿಸುವುದು. ಅದನ್ನು ಗುಡಿಸುವವನೂ ನಾನೇ.

ಅದಕ್ಕಿಂತ ದೊಡ್ಡ ಹಿಂಸೆ ಪಾಸಿನದು. ವಯಸ್ಸಾದವರಿಗೆ ನಮ್ಮಲ್ಲಿ ಬಸ್ಸು ಪುಕ್ಕಟೆ. ಆದರೆ ಹತ್ತುವಾಗ ಪಾಸನ್ನು ಯಂತ್ರದ ಮೇಲೆ ಒತ್ತಬೇಕು. ಅದು ಟಿಣ್ ಎಂದರೆ ಒಬ್ಬರು ಹತ್ತಿದರು ಎಂದು ದಾಖಲೆ. ಇವರ ಪಾಸುಗಳೋ ಮಳೆಯಂಗಿಯ ಒಳಗೆ, ಸ್ವೆಟರಿನ ಒಳಗೆ, ಎಲ್ಲೋ ಹೊಟ್ಟೆಯ ಹತ್ತಿರ. ಕೈಗವಸು ಬಿಚ್ಚಬೇಕು, ಕನ್ನಡಕ ಹುಡುಕಬೇಕು. ಅಷ್ಟು ಹೊತ್ತೂ ನೋರಾ ನನ್ನ ಪಕ್ಕದಲ್ಲೇ ನಿಂತು ಗಡಿಯಾರ ತೋರಿಸುತ್ತಿದ್ದಳು. "ಐದು ನಿಮಿಷ ಲೇಟು. ಇನ್ನೂ ಹೊರಟಿಲ್ಲ. ಬಸ್ಸಾ ಇದು, ಶವದ ಗಾಡಿಯಾ?"

ಒಂದು ದಿನ ನನಗೆ ತಡೆಯಲಾಗಲಿಲ್ಲ. ಯಂತ್ರದ ಮೇಲೆ ಅಂಗೈ ಮುಚ್ಚಿ, "ಸಾಕು, ಒಳಗೆ ನಡೀರಿ ಎಲ್ಲ್ರೂ," ಎಂದೆ.

ಅವಳು ಹಿಂದಿದ್ದವರ ಕಡೆ ತಿರುಗಿ, "ನೋಡಿ, ಕೊನೆಗೂ ಇವನಿಗೆ ಬುದ್ಧಿ ಬಂತು," ಎಂದಳು. ಅಂದಿನಿಂದ ಅವರಲ್ಲಿ ಯಾರೂ ಪಾಸು ತೆಗೆಯಲಿಲ್ಲ, ನಾನು ಕೇಳಲೂ ಇಲ್ಲ. ಹೀಗೆ ನಾಲ್ಕು ವರ್ಷ ನಡೆಯಿತು. ಅವಳು ಅದನ್ನು ತನ್ನ ಗೆಲುವೆಂದುಕೊಂಡಳು. ನನಗೆ ಅವಳ ಬಾಯಿ ಮೂರು ನಿಮಿಷ ಕಡಿಮೆಯಾದರೆ ಸಾಕಿತ್ತು.

ಐದನೆಯ ವರ್ಷದ ಮಾರ್ಚ್ ತಿಂಗಳಲ್ಲಿ, ಭಾನುವಾರದ ಬಸ್ಸು ನಿಲ್ಲುತ್ತದೆ ಎಂದು ನಿಲ್ದಾಣದಲ್ಲಿ ಕಾಗದ ಅಂಟಿಸಿದರು. ಊರಿನ ಹಾಲ್‌ನಲ್ಲಿ ಸಭೆ ಸೇರಿತು. ಬಸ್ಸಿನ ಖರ್ಚು ಕೊಡುವ ಕೌನ್ಸಿಲ್‌ನಿಂದ ಫೆನ್‌ವಿಕ್ ಎಂಬ ಅಧಿಕಾರಿ ಬಂದಿದ್ದ. ಮುಖದಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲದ ಮನುಷ್ಯ. ಕಾಗದ ನೋಡಿ ಓದಿದ: "ಭಾನುವಾರ ಸರಾಸರಿ ಇಬ್ಬರು ಪ್ರಯಾಣಿಕರು."

ನೋರಾ ಎದ್ದು ನಿಂತಳು. "ಸುಳ್ಳು! ನಾವೇ ಹನ್ನೊಂದು ಜನ. ಮಳೆ ಬರ್ಲಿ, ಹಿಮ ಬೀಳ್ಲಿ, ಒಂದು ವಾರ ತಪ್ಪಿಸಿಲ್ಲ."

"ಯಂತ್ರದಲ್ಲಿ ಹಾಗೆ ಇಲ್ಲಮ್ಮ."

"ಯಂತ್ರ ಬಿಡಿ. ಡಿನ್ಸ್‌ಡೇಲ್ ಅಲ್ಲೇ ಕೂತಿದ್ದಾನೆ, ಕೇಳಿ. ಅವನು ಕೆಟ್ಟೋನು, ಆದ್ರೆ ಕುರುಡ ಅಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಆ ಕ್ಷಣದಲ್ಲೇ ಎಲ್ಲ ಗೊತ್ತಾಯಿತು. ನಾನು ಒತ್ತಲು ಬಿಡದ ಒಂದು ಪಾಸೂ ಆ ಎಣಿಕೆಯಲ್ಲಿ ಸೇರಿರಲಿಲ್ಲ. ಫೆನ್‌ವಿಕ್ ಪೆನ್ನು ತೆಗೆದ. "ಪಾಸು ಒತ್ತಿಸದೆ ಜನರನ್ನ ಹತ್ತಿಸಿದ್ದೀರಾ? ದಾಖಲೆ ಪೂರ್ತಿ ತಪ್ಪು ಅಂತ ಡ್ರೈವರೇ ಬರೆದುಕೊಟ್ಟರೆ, ಮೂರು ತಿಂಗಳು ಬಸ್ಸು ಓಡಿಸಿ ಮತ್ತೆ ಎಣಿಸ್ತೀವಿ."

ಬರೆದುಕೊಟ್ಟರೆ ಬಸ್ಸು ಉಳಿಯುತ್ತದೆ. ಆದರೆ ನಾಲ್ಕು ವರ್ಷ ಕೆಲಸ ಸರಿಯಾಗಿ ಮಾಡಲಿಲ್ಲ ಎಂದು ನನ್ನ ಕೈಯಿಂದಲೇ ಬರೆದಂತಾಗುತ್ತದೆ. ನನ್ನ ಮೇಲೆ ಆಗಲೇ ಒಂದು ಛೀಮಾರಿ ಇತ್ತು, ನಿವೃತ್ತಿಗೆ ಹನ್ನೊಂದು ತಿಂಗಳು ಉಳಿದಿತ್ತು.

ನಾನು ಎದ್ದು, "ಒಮ್ಮೊಮ್ಮೆ," ಎಂದೆ. "ತುಂಬಾ ಚಳಿ ಇದ್ದಾಗ. ವಯಸ್ಸಾದವರು ಪಾಪ, ಕೈಗವಸು ಬಿಚ್ಚೋದು ಕಷ್ಟ ಅಂತ..."

ಸಭೆಯಲ್ಲಿ "ಅಯ್ಯೋ ಪಾಪ" ಎಂಬ ಸದ್ದು ಎದ್ದಿತು. ಯಾರೋ ಚಪ್ಪಾಳೆ ತಟ್ಟಿದರು. ಪಕ್ಕದ ಹೆಂಗಸು ನನ್ನ ತೋಳು ಸವರಿ, "ಎಂಥ ಒಳ್ಳೆ ಮನಸ್ಸಪ್ಪಾ ನಿಂದು," ಎಂದಳು. ನೋರಾ ಮಾತ್ರ ಅಲುಗಾಡಲಿಲ್ಲ.

"ಒಮ್ಮೊಮ್ಮೆ ಅಲ್ಲ ಅಲ್ವಿನ್, ಪ್ರತಿ ಸಲ," ಎಂದಳು. ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಕರುಣೆಯಿಂದಲೂ ಅಲ್ಲ. ನನ್ನ ಕಂಡ್ರೆ ಆಗ್ತಿರಲಿಲ್ಲ ನಿಂಗೆ. ಅದನ್ನೇ ಹೇಳು, ನಂಗೇನೂ ಬೇಜಾರಿಲ್ಲ. ಆದ್ರೆ ಪ್ರತಿ ಸಲ ಅಂತ ಹೇಳು."

ನಾನು ಕುಳಿತುಕೊಂಡೆ. ಫೆನ್‌ವಿಕ್ 'ಒಮ್ಮೊಮ್ಮೆ' ಎಂದು ಬರೆದುಕೊಂಡು ಪೆನ್ನು ಮುಚ್ಚಿದ. ಒಮ್ಮೊಮ್ಮೆ ಎಂಬುದರಿಂದ ಇಬ್ಬರು ಹನ್ನೊಂದಾಗುವುದಿಲ್ಲ. ಮೇ ತಿಂಗಳಲ್ಲಿ ಬಸ್ಸು ನಿಂತಿತು.

ಅವಳ ಗುಂಪು ಮೂರು ಕಾರುಗಳಿಗೆ ಹಂಚಿಹೋಯಿತು. ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿ, ಅರ್ಧ ಹತ್ತಿ, ಅದೇ ದಾರಿಯಲ್ಲಿ ಇಳಿದು ಬರುತ್ತಾರೆ ಎಂದು ಕೇಳಿದೆ. ಅವಳನ್ನೂ ಕರೆದರಂತೆ, ಹೋಗಲಿಲ್ಲ. ಪೇಟೆಯ ಹಿಂದಿನ ಕಾಲುವೆಯ ದಂಡೆಯಲ್ಲಿ ಒಬ್ಬಳೇ ಹೋಗಿ ಬರುವುದನ್ನು ಮಂಗಳವಾರದ ಬಸ್ಸಿನಿಂದ ನಾನೇ ಎಷ್ಟೋ ಸಲ ನೋಡಿದೆ. ಚಪ್ಪಟೆ ನೆಲದಲ್ಲಿ ಅವಳ ನಡಿಗೆ ಬೇರೆ ಯಾರದೋ ನಡಿಗೆಯಂತಿತ್ತು. ಕೈ ಎತ್ತಿ ನನ್ನನ್ನು ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ತಲೆಯನ್ನೇ ಎತ್ತಲಿಲ್ಲ.

ಮುಂದಿನ ಫೆಬ್ರವರಿಯಲ್ಲಿ ನಾನು ನಿವೃತ್ತನಾದೆ. ಮರುವಾರವೇ ಕೂತು, ನಾಲ್ಕು ವರ್ಷ, ಹನ್ನೊಂದು ಜನ, ಪ್ರತಿ ಸಲ ಎಂದು ಬರೆದೆ. ಯಾಕೆ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಬರೆದೆ. ಕೌನ್ಸಿಲ್‌ಗೆ ಕಳಿಸುವ ಮೊದಲು ಅವಳಿಗೆ ತೋರಿಸಬೇಕೆನಿಸಿ, ಆ ಭಾನುವಾರ ಅವಳ ಬಾಗಿಲು ತಟ್ಟಿದೆ.

ಅವಳು ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ನಿಂತು, ಕನ್ನಡಕ ಏರಿಸಿ, ಎರಡು ಸಲ ಓದಿದಳು.

"ಪೆನ್ಷನ್ ಬಂತಾ?" ಎಂದು ಕೇಳಿದಳು.

"ಬಂತು."

"ಅದಕ್ಕೇ ನಿಜ ಬಂತು." ಕಾಗದವನ್ನು ನೀಟಾಗಿ ಮಡಚಿದಳು. "ಅಕ್ಷರ ಚೆನ್ನಾಗಿದೆ. ಕಳಿಸು, ಎಣಿಸೋಕೆ ಬರ್ಲಿ. ನಮ್ಮ ಹನ್ನೊಂದು ಜನರಲ್ಲಿ ಹೆಟ್ಟಿ, ಸೆಡ್ರಿಕ್ ಇಬ್ರೂ ಸತ್ರು. ಮಿಕ್ಕೋರಿಗೆ ಕಾರು ರೂಢಿಯಾಯ್ತು, ಇನ್ನು ನಿಲ್ದಾಣಕ್ಕೆ ಬಂದು ಚಳೀಲಿ ಯಾರು ನಿಲ್ತಾರೆ? ಎಣಿಸಿದ್ರೆ ನಾನೊಬ್ಬಳೇ ಸಿಗ್ತೀನಿ. ಆ ಫೆನ್‌ವಿಕ್ ಓದಿದ್ದು ಇಬ್ರು ಅಂತ. ಈಗ ಅದೂ ಇಲ್ಲ."

ಕ್ಷಮಿಸಿ ಎಂದೆ. ಆ ಮಾತನ್ನು ಅವಳಿಗೆ ನಾನು ಎಂದೂ ಹೇಳಿರಲಿಲ್ಲ, ನನ್ನ ಬಾಯಿಗೇ ಅದು ಒಗ್ಗಲಿಲ್ಲ.

ಅವಳು ನನ್ನ ಹೆಗಲ ಮೇಲಿಂದ ಬೀದಿಯ ಕಡೆ ನೋಡಿದಳು. "ಅದು ನಿಂದಾ?"

ಅದು ನನ್ನದೇ ಕಾರು. ಕಳೆದ ತಿಂಗಳು ಕೊಂಡದ್ದು. ಹೌದು ಎಂದೆ. ಕಣಿವೆಯ ನನ್ನ ಊರಿನಿಂದ ಪೇಟೆಯ ಅವಳ ಮನೆಗೆ ಭಾನುವಾರ ಬರಲು ಬೇರೆ ದಾರಿಯೇ ಇರಲಿಲ್ಲ.